ಗೋಡೆ ಹಿಡಿದು ಸೀನಿದ ವರ್ಷ

ಹೋದ ವಾರ ಕೊಗನೊಳ್ಳಿಗೆ ಹೋಗಿದ್ದೆ, ರೈತ ಅಪ್ಪಾಸಾಬನ ತಂಬಾಕಿನ ರಾಶಿ ನೋಡಲು. ಅವನ ಶೆಡ್ಡಿನೊಳಗೆ ಒಂದು ಮೊಣಕಾಲು ನೆಲಕ್ಕೂರಿ, ಬೆನ್ನು ನೆಟ್ಟಗಿಟ್ಟು, ಬಲಗೈಯನ್ನು ರಾಶಿಯ ಬುಡಕ್ಕೆ ತೂರಿಸಿ ಒಂದು ಹಿಡಿ ಎಲೆ ಹೊರಗೆಳೆದೆ. ಮೂಗಿನ ಹತ್ತಿರ ತಂದೆ. ರಾಶಿಯ ಮೇಲಿನ ಎಲೆಗೆ ಬರೀ ಬಿಸಿಲಿನ ವಾಸನೆ ಇರುತ್ತದೆ. ಬುಡದ ಎಲೆಯದು ಬೇರೆ. ಬೆಲ್ಲದ ಕೊಪ್ಪರಿಗೆ ತಳ ಹಿಡಿದಂಥ ವಾಸನೆ, ಅದರ ಬೆನ್ನಿಗೇ ಮೂಗಿಗೆ ಬಡಿಯುವ ಘಾಟು. ಸೀನು ಬಂತು. ಎದ್ದು ನಿಂತು, ಎಡಗೈ ಗೋಡೆಗೆ ಒತ್ತಿ, ಮೊಣಕಾಲು ತುಸು ಸಡಿಲಬಿಟ್ಟು, ಎದೆ ಎತ್ತಿ ಸೀನಿದೆ.

"ಸಾವ್ಕಾರ್ರ, ಗ್ವಾಡಿ ಗಟ್ಟಿ ಐತ್ರಿ, ಬೀಳಂಗಿಲ್ಲ. ಕೈ ಬಿಟ್ಟು ಸೀನ್ರಿ," ಎಂದ ಅಪ್ಪಾಸಾಬ.

ನಾನು ಕೈ ಬಿಡಲಿಲ್ಲ. ಇನ್ನೊಂದು ಸೀನು ಬರುವುದಿತ್ತು. ಆ ವಾಸನೆ, ಆ ಗೋಡೆ, ಎರಡೂ ಸೇರಿ ನನ್ನನ್ನು ಮೂರು ವರ್ಷ ಹಿಂದಕ್ಕೆ ಕರೆದೊಯ್ದವು. ಒಂದು ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ನಾನು ನನ್ನ ಬೆನ್ನಿನ ಜೊತೆ ವ್ಯವಹಾರ ಮಾಡಿದ ವರ್ಷ ಅದು.

ನಿಪ್ಪಾಣಿಯವರಿಗೆ ಸೀನು ಎಂದರೆ ಏನೂ ಅಲ್ಲ. ಬೇರೆ ಊರಲ್ಲಿ ಹೊರಡುವಾಗ ಯಾರಾದರೂ ಸೀನಿದರೆ ಅಪಶಕುನ ಅಂತ ಒಂದು ಗಳಿಗೆ ಕೂತು ಹೋಗುತ್ತಾರಂತೆ. ನಮ್ಮಲ್ಲಿ ಹಾಗೆ ಕೂತರೆ ಯಾರೂ ಹೊಸ್ತಿಲು ದಾಟಲಿಕ್ಕಿಲ್ಲ. ಗಾಳಿಯಲ್ಲೇ ತಂಬಾಕು ಇರುವ ಊರು. ನಾನು ಆ ಊರಿನ ತಂಬಾಕಿನ ದಲಾಲ. ಹದಿನೆಂಟನೇ ವಯಸ್ಸಿಗೆ ವಖಾರಿನಲ್ಲಿ ಚೀಲ ಹೊತ್ತೆ. ಗೋದಾಮಿಗೆ ನಮ್ಮ ಕಡೆ ವಖಾರ ಅನ್ನುತ್ತಾರೆ. ಹೊರುತ್ತ ಹೊರುತ್ತ ಎಲೆ ಕಲಿತೆ, ಎಲೆಯಿಂದ ಮಾತು ಕಲಿತೆ. ಈಗ ಅದೇ ಓಣಿಯಲ್ಲಿ ನನ್ನದೂ ಒಂದು ಸಣ್ಣ ವಖಾರ ಇದೆ. ನನಗೆ ದೊಡ್ಡ ಬಂಡವಾಳ ಎಂದೂ ಇರಲಿಲ್ಲ. ಇದ್ದದ್ದು ಈ ಬಲಗೈ. ರೈತ ಒಳ್ಳೆ ಎಲೆಯನ್ನು ಮೇಲೆ ಹರವುತ್ತಾನೆ, ಅದು ಅವನ ಹಕ್ಕು. ಬುಡದ ಎಲೆ ನೋಡದೆ ಭಾವ ಕಟ್ಟಬಾರದು, ಬೆಲೆ ಹೇಳಬಾರದು, ಅದು ನನ್ನ ನೇಮ. "ಬುಡ ನೋಡೇನ್ರಿ" ಎಂದು ನಾನು ಫೋನಿನಲ್ಲಿ ಹೇಳಿದರೆ ಬೀಡಿ ಕಾರಖಾನೆಯವರು ಮಾಲು ನೋಡದೇ ಲಾರಿ ಕಳಿಸುತ್ತಿದ್ದರು.

ಬುಡ ನೋಡಲು ಬಾಗಬೇಕು. ಅಲ್ಲೇ ಬಂತು ಕುತ್ತು.

ಚೀಲ ಹೊರುವಾಗ ಕಡ್ಡಿಯಂತಿದ್ದವನು, ಗಾಡಿಯಲ್ಲಿ ಅಡ್ಡಾಡಲು ಶುರುಮಾಡಿದ ಮೇಲೆ ಹರಡಿಕೊಂಡೆ. ದಲಾಲನ ಹೊಟ್ಟೆ ಊಟದಿಂದ ಬರುವುದಿಲ್ಲ, ಚಹಾದಿಂದ ಬರುತ್ತದೆ. ಹೋದ ಮನೆಯಲ್ಲೆಲ್ಲ ಕೆನೆಗಟ್ಟಿದ ಚಹಾ, ಜೊತೆಗೆ ಒಂದು ಬಟ್ಟಲು ಚುರುಮುರಿ ಇಲ್ಲವೆ ಭಜಿ. ಬೇಡ ಎಂದರೆ ಮಾಲಿನ ಮೇಲೆ ಮನಸ್ಸಿಲ್ಲ ಅಂತ ಅರ್ಥ. ಹಾಗೆ ಕುಡಿದು ತಿಂದು ತೊಂಬತ್ತೊಂದು ಕಿಲೋ ಆಗಿದ್ದೆ.

ಆ ಸುಗ್ಗಿಯ ನಡುವೆ ಒಂದು ಮುಂಜಾನೆ ಸೊಂಟದಿಂದ ಮಡಚಿಕೊಂಡು ರಾಶಿಗೆ ಕೈ ಹಾಕಿದ್ದೆ. ಅದೇ ಹೊತ್ತಿಗೆ ಸೀನು ಬಂತು. ಬಾಗಿದ್ದವನು ಬಾಗಿದ ಹಾಗೇ ನಿಂತೆ. ಎಡ ಪೃಷ್ಠದಿಂದ ಕಾಲಿನ ಹೆಬ್ಬೆರಳಿನವರೆಗೆ ಕರೆಂಟು ಹೊಡೆದಂತಾಯಿತು. ಇಬ್ಬರು ಹಮಾಲರು ನನ್ನನ್ನು ಚೀಲ ಎತ್ತಿದ ಹಾಗೆ ಎತ್ತಿ ಗಾಡಿಯಲ್ಲಿ ಮಲಗಿಸಿದರು.

ಬೆಳಗಾವಿಯ ಡಾಕ್ಟರು ಫೋಟೋ ತೆಗೆಸಿ ನೋಡಿ, ಬೆನ್ನುಮೂಳೆಯ ಮಣಿಗಳ ನಡುವಿನ ಗಾದಿ ಸರಿದು ನರ ಒತ್ತಿದೆ ಎಂದರು. ಈಗಲೇ ಆಪರೇಶನ್ ಬೇಡ, ತೂಕ ಇಳಿಸಿ, ಬೆನ್ನಿನ ಸುತ್ತಲಿನ ಮಾಂಸ ಗಟ್ಟಿ ಮಾಡಿಕೊಳ್ಳಿ ಎಂದರು. ಕಾಲಿನ ಬಲ ಕಡಿಮೆಯಾದರೆ, ಮೂತ್ರಕ್ಕೆ ತೊಂದರೆಯಾದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ, ಸೀದಾ ಇಲ್ಲಿಗೆ ಬನ್ನಿ ಎಂದರು. ನೀವೂ ಇದನ್ನು ನೆನಪಿಡಿ.

"ಮುಂದಿನ ಸುಗ್ಗಿಗೆ ಬಾಗಬಹುದಾ?" ಎಂದು ಕೇಳಿದೆ.

"ಅದನ್ನ ನೀವ ನನಗ ಹೇಳಬೇಕು," ಎಂದರು. ದೊಡ್ಡ ವ್ಯಾಪಾರಿಯ ಉತ್ತರ.

ಆ ಸುಗ್ಗಿ ಇನ್ನೂ ಮುಗಿದಿರಲಿಲ್ಲ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕೊಗನೊಳ್ಳಿಗೆ ಹೋದೆ. ಇದೇ ಅಪ್ಪಾಸಾಬನ ಇದೇ ಶೆಡ್ಡು. ನಿಂತಲ್ಲಿಂದಲೇ ಕೈಗೆ ಸಿಕ್ಕ ಎಲೆ ಮುರಿದು ನೋಡಿ, ಭಾವ ಕಟ್ಟಿದೆ. ಮಾಲು ವಖಾರಿಗೆ ಬಂದು ಚೀಲ ಸುರುವಿದಾಗ ಕೆಳಗಿನ ಅರ್ಧ ಬರೀ ಮಣ್ಣು, ಕಡ್ಡಿ. ಕಾರಖಾನೆಯ ಖರೀದಿದಾರ ನನ್ನನ್ನು ಬೈಯಲಿಲ್ಲ. "ಬುಡ ನೋಡಿದ್ರ್ಯಾ?" ಅಂತ ಮಾತ್ರ ಕೇಳಿದ. ಬೈದಿದ್ದರೆ ವಾಸಿಯಿತ್ತು. ಆ ದಿನ ನನಗೆ ಲೆಕ್ಕ ಸ್ಪಷ್ಟವಾಯಿತು: ಮುಂದಿನ ಸುಗ್ಗಿಯೊಳಗೆ ಬಾಗಲು ಬರದಿದ್ದರೆ ನನ್ನ ಧಂದೆ ಮುಗಿಯಿತು.

ನಿಪ್ಪಾಣಿಯಲ್ಲಿ ವ್ಯಾಯಾಮ ಕಲಿಸುವವರು ಇದ್ದರು. ನಾನು ಚಿಕ್ಕೋಡಿಗೆ ಹೋದೆ. ದಲಾಲನ ಸೊಂಟ ಮುರಿದ ಸುದ್ದಿ ಪೇಟೆಯಲ್ಲಿ ಹಬ್ಬಿದರೆ ರೈತರೆಲ್ಲ ಮಣ್ಣನ್ನು ಬುಡಕ್ಕೇ ಹಾಕುತ್ತಾರೆ. ಚಿಕ್ಕೋಡಿಯಲ್ಲಿ ಫಿಸಿಯೋಥೆರಪಿ ಮಾಡುವವಳು ಶಾಹೀನ್ ಅಂತ, ರಾಯಬಾಗದ ಕಡೆಯ ಹುಡುಗಿ, ನನ್ನ ಮಗಳಷ್ಟು ವಯಸ್ಸು. ಮೊದಲು ಫೀ ಕೇಳಿದೆ, ಸ್ವಲ್ಪ ಎಳೆದಾಡಿದೆ, ಅವಳು ಸ್ವಲ್ಪ ಬಿಟ್ಟಳು. ಆಮೇಲೆ ನನ್ನ ತೂಕ ನೋಡಿದಳು.

"ಎಷ್ಟ ಇಳಸಬೇಕ್ರಿ ಮ್ಯಾಡಮ್?"

"ಹದಿನಾರು ಕಿಲೋ ಕಾಕಾ."

"ಹದಿನಾರು ಅಂದ್ರ ಒಂದ ಆಡಾತು. ಮನಶ್ಯಾನ ಮೈಯಾಗಿಂದ ಒಂದ ಆಡು ತಗದ್ರ ಏನ ಉಳೀತೈತ್ರಿ?"

"ಆ ಆಡು ಹೊತಗೊಂಡ ಅಡ್ಡಾಡಾಕತ್ತೀರಿ ಅಂತನ ಬೆನ್ನು ಹಿಂಗಾಗೇತಿ."

"ಆರಕ್ಕ ಮುಗಸೋಣ್ರಿ."

"ಆರಕ್ಕ ಪರವಡಂಗಿಲ್ಲ. ನಿಮ್ಮ ಸಲುವಾಗಿ ಹದಿನಾಲ್ಕು."

"ನೋಡ್ರಿ, ನಾ ದೂರದಿಂದ ಬಂದೇನಿ. ಏಳು."

ಅವಳು ಕಿಟಕಿಯ ಕಡೆ ನೋಡಿದಳು. ಉಸಿರು ಬಿಟ್ಟಳು. ಕುತ್ತಿಗೆಯ ಸ್ಟೆತಾಸ್ಕೋಪ್ ತೆಗೆದು ಟೇಬಲ್ಲಿನ ಮೇಲಿಟ್ಟಳು. "ಎಂಟು. ಇದರಕಿಂತ ಕೆಳಗ ನನಗ ಆಗಂಗಿಲ್ಲ ಕಾಕಾ. ಮುಂದಿನ ಸುಗ್ಗಿ ತನಕ ವ್ಯಾಳ್ಯಾ ತಗೋರಿ. ತಿಂಗಳಿಗೊಂದ ಕಿಲೋ ಇಳದ್ರ ಸಾಕು. ಗಡಿಬಿಡಿ ಮಾಡಿ ಉಪಾಸ ಬಿದ್ರ ಮಾಂಸ ಕರಗಿ ಬೆನ್ನ ಮತ್ತಷ್ಟ ಸೋಲತೈತಿ."

ಮನೆಗೆ ಬಂದು ಹೆಂಡತಿ ಸುಮಿತ್ರಾಗೆ ಹೇಳಿದೆ, "ಹದಿನಾರು ಹೇಳಿದ್ಲು. ಎಂಟಕ್ಕ ಮುಗಿಸಿ ಬಂದೆ."

"ಯಾರ ಮಾಲು, ಯಾರ ಜೋಡಿ ಚೌಕಾಸಿ ಮಾಡಿ ಬಂದ್ರಿ?" ಎಂದಳು ಅವಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಶಾಹೀನ್ ಕಲಿಸಿದ್ದು ಮೂರೇ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟವನ್ನು ಮೆಲ್ಲಗೆ ಎತ್ತುವುದು. ಕರುವಿನ ಹಾಗೆ ನಾಲ್ಕು ಕಾಲಿನ ಮೇಲೆ ನಿಂತು ಒಂದು ಕೈ, ಅದರ ವಿರುದ್ಧದ ಕಾಲು ಚಾಚುವುದು. ಮತ್ತೆ ನಡಿಗೆ. ಅಷ್ಟೇ. ನಿಂತು ಬಾಗಿ ನೆಲ ಮುಟ್ಟುವುದು ಈಗ ಬೇಡವೇ ಬೇಡ ಎಂದಳು. ನಾನು ಒಳಗೊಳಗೇ ನಕ್ಕೆ. ಇಷ್ಟು ಸಣ್ಣ ಮಾಲಿಗೆ ಇಷ್ಟು ದೊಡ್ಡ ಬೆಲೆಯೆ? ಅವಳು ಹತ್ತು ಸಲ ಎಂದದ್ದನ್ನು ಮೂವತ್ತು ಸಲ ಮಾಡಿದೆ. ಮೊಬೈಲಿನಲ್ಲಿ ಯಾರೋ ತೋರಿಸಿದ್ದನ್ನು ನೋಡಿ ಬೆರಳಿನಿಂದ ನೆಲವನ್ನೂ ಮುಟ್ಟಿದೆ. ಮುಟ್ಟಿದ್ದು ನಿಜ, ಏಳುವುದು ಆಗಲಿಲ್ಲ. ಮುಂದಿನ ಹತ್ತು ದಿನ ಸುಮಿತ್ರಾ ನನಗೆ ಮಗ್ಗುಲು ಬದಲಿಸಲೂ ಕೈ ಕೊಡಬೇಕಾಯಿತು. ಶಾಹೀನಳಿಗೆ ಫೋನ್ ಮಾಡಿದೆ. ಮೊದಲು ಕಾಲಿನ ಬಲ, ಜೋಮು ಎಲ್ಲ ಕೇಳಿಕೊಂಡಳು. ಆಮೇಲೆ ಹೇಳಿದಳು.

"ಕಾಕಾ, ನಾ ಹೇಳಿದ್ದು ಚಿಲ್ಲರ ವ್ಯಾಪಾರ. ನೀವು ಠೋಕ ಮಾಡಾಕ ಹೋದ್ರಿ. ಬೆನ್ನು ದಿನಾ ಚಿಲ್ಲರನ ಕೇಳತೈತಿ."

ಠೋಕ ಎಂದರೆ ಸಗಟು. ಇದು ನನಗೆ ತಿಳಿಯುವ ಭಾಷೆ. ಅಲ್ಲಿಂದ ಮುಂದೆ ಅವಳು ಹೇಳಿದಷ್ಟು ಮಾತ್ರ ಮಾಡಿದೆ. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ, ಹಬ್ಬದ ದಿನವೂ ಬಿಡಲಿಲ್ಲ. ನನ್ನಷ್ಟು ಕಷ್ಟಪಡದೆ ಕಲಿಯುವ ಆಸೆ ನಿಮಗಿದ್ದರೆ ಇಷ್ಟು ಸಾಕು: ನೋವಿದ್ದ ಬೆನ್ನಿಗೆ ಬೇರೆಯವರ ಬೆನ್ನಿನ ವ್ಯಾಯಾಮ ಮಾಡಿಸಬೇಡಿ.

ಸೀನಿನ ಪಾಠವೂ ಆಗಲೇ ಆದದ್ದು. "ಸೀನಿದ್ರ ಹೆಬ್ಬಟ್ಟಿನ ತನಕ ಹೊಡಿತೈತ್ರಿ," ಎಂದೆ. ತಂಬಾಕಿನಿಂದ ದೂರ ಇರಿ ಎಂದಳು. "ಹಂಗಾದ್ರ ನಿಪ್ಪಾಣಿ ಬಿಟ್ಟ ಹೋಗಬೇಕಾತು," ಎಂದೆ. ಅವಳು ಎದ್ದು ಬಂದು ನನ್ನನ್ನು ಗೋಡೆಯ ಪಕ್ಕ ನಿಲ್ಲಿಸಿದಳು. ಸೀನುವಾಗ ಮುಂದಕ್ಕೆ ಮುದುಡಬೇಡಿ, ಕೈ ಊರಿ, ಮೊಣಕಾಲು ಸಡಿಲ ಬಿಟ್ಟು, ನೆಟ್ಟಗೆ ನಿಂತು ಸೀನಿ ಎಂದಳು. ಬಾರದ ಸೀನನ್ನು ಐದಾರು ಸಲ ಸೀನಿಸಿದಳು. ಹೊರಗೆ ಕೂತ ಪೇಶಂಟುಗಳು ಬಾಗಿಲಿನಿಂದ ಇಣುಕಿ ನೋಡಿದರು.

ಇನ್ನು ತೂಕದ ಮಾತು. ನನ್ನ ವಖಾರಿನಲ್ಲಿ ಚೀಲ ತೂಗುವ ಕಾಟಾ ಇದೆ. ದಿನಾ ಅದರ ಮೇಲೆ ನಿಲ್ಲುತ್ತಿದ್ದೆ. ತಂಬಾಕು ತೂಗುವಾಗ ಚೀಲದ ಭಾರ, ಹಸಿ, ಮಣ್ಣು ಅಂತ ನಾವು ಒಟ್ಟು ತೂಕದಲ್ಲಿ ಒಂದಿಷ್ಟು ಕಳೆಯುತ್ತೇವೆ, ಅದಕ್ಕೆ ಸೂಟು ಅನ್ನುತ್ತೇವೆ. ನನಗೆ ಗೊತ್ತಿಲ್ಲದೆಯೇ ನನ್ನ ಮೈಗೂ ಸೂಟು ಹಿಡಿಯತೊಡಗಿದೆ. ಕಾಟಾ ತೊಂಬತ್ತು ತೋರಿಸಿದರೆ, ಧೋತರ ಅರ್ಧ ಕಿಲೋ, ಚಪ್ಪಲಿ ಅರ್ಧ, ಈಗಷ್ಟೇ ಕುಡಿದ ನೀರು, ಕಿಸೆಯ ಮೊಬೈಲು, ಎಲ್ಲ ಕಳೆದು ಎಂಬತ್ತೆಂಟು ಅಂತ ಮನೆಯಲ್ಲಿ ಹೇಳುತ್ತಿದ್ದೆ. ಎರಡು ತಿಂಗಳಲ್ಲಿ ನನ್ನ ಲೆಕ್ಕದ ಪ್ರಕಾರ ಅರ್ಧ ಕೆಲಸ ಮುಗಿದಿತ್ತು.

ಒಂದು ದಿನ ಸುಮಿತ್ರಾ ವಖಾರಿಗೆ ಊಟದ ಡಬ್ಬಿ ತಂದವಳು ಇದನ್ನು ನೋಡಿದಳು.

"ರೈತರ ಮಾಲಿಗೆ ಸೂಟು ಹಿಡಿದದ್ದು ಸಾಲದಂತ ನಿಮ್ಮ ಹೊಟ್ಟಿಗೂ ಹಿಡಿತೀರೇನ್ರಿ?"

"ಧೋತರಕ್ಕ ತೂಕ ಇಲ್ಲೇನ?"

"ಇರಲಿ. ಉಡದಾರ ತೋರಸ್ರಿ."

ನನ್ನ ಸೊಂಟದಲ್ಲಿ ಬೆಳ್ಳಿ ಉಡದಾರ ಇದೆ, ಮದುವೆಯಲ್ಲಿ ಮಾವ ಹಾಕಿದ್ದು. ಹೊಟ್ಟೆ ಬೆಳೆದ ಹಾಗೆ ಎರಡು ಸಲ ಬೆಳ್ಳಿ ಕೆಲಸದ ಪತ್ತಾರನ ಹತ್ತಿರ ಹೋಗಿ ಕೊಂಡಿ ಸೇರಿಸಿ ಉದ್ದ ಮಾಡಿಸಿದ್ದೆ. ಸುಮಿತ್ರಾ ಅದರೊಳಗೆ ಬೆರಳು ತೂರಿಸಲು ನೋಡಿದಳು. ಒಂದು ಬೆರಳೂ ಹೋಗಲಿಲ್ಲ. "ಇದು ಸೂಟು ಬಿಡಂಗಿಲ್ಲ ನೋಡ್ರಿ," ಎಂದು ಡಬ್ಬಿ ಇಟ್ಟು ಹೋದಳು.

ಅವತ್ತಿನಿಂದ ಸೋಮವಾರಕ್ಕೊಮ್ಮೆ ಮಾತ್ರ ಕಾಟಾ. ಅದೇ ಹಳೇ ಲುಂಗಿ, ಚಹಾಕ್ಕಿಂತ ಮೊದಲು, ಕಾಟಾ ತೋರಿಸಿದ್ದೇ ತೂಕ. ಊಟದಲ್ಲಿ ದೊಡ್ಡ ಬದಲಾವಣೆ ಮಾಡಲಿಲ್ಲ. ರೊಟ್ಟಿ ಮೂರಿದ್ದದ್ದು ಎರಡಾಯಿತು, ಪಲ್ಯ, ಮೊಳಕೆ ಕಾಳು ಹೆಚ್ಚಾದವು, ಶೇಂಗಾ ಚಟ್ನಿಪುಡಿಯ ಮೇಲೆ ಎಣ್ಣೆ ಸುರುವುವುದು ನಿಂತಿತು. ಚಹಾದ ವಿಷಯದಲ್ಲಿ ಮಾತ್ರ ಉಪಾಯ ಬೇಕಾಯಿತು. ಬೇಡ ಎನ್ನುವ ಹಾಗಿಲ್ಲ. ಅದಕ್ಕೆ ಹೋದ ಮನೆಯಲ್ಲಿ ಮೊದಲು ಒಂದು ತಂಬಿಗೆ ನೀರು ಕೇಳಿ ಅವರೆದುರಿಗೇ ಕುಡಿಯುತ್ತಿದ್ದೆ, ಆಮೇಲೆ "ಚಹಾ ಅರ್ಧಾ ಕಪ್, ಸಕ್ಕರಿ ಬ್ಯಾಡ್ರಿ" ಎನ್ನುತ್ತಿದ್ದೆ. ಮರ್ಯಾದೆಯೂ ಉಳಿಯಿತು, ಹೊಟ್ಟೆಯೂ ಉಳಿಯಿತು.

ಮಳೆಗಾಲ ಬಂತು. ಹೊರಗೆ ಕೆಸರು, ಜಾರಿ ಬಿದ್ದರೆ ಇದ್ದ ಬೆನ್ನೂ ಹೋಗುತ್ತದೆ. ವಖಾರಿನೊಳಗೇ ನಡೆದೆ. ಹಸಿ ಗಾಳಿ ಬರಬಾರದೆಂದು ಆ ದಿನಗಳಲ್ಲಿ ಕಿಟಕಿ ಬಾಗಿಲು ಮುಚ್ಚಿರುತ್ತವೆ. ತಗಡಿನ ಪತ್ರಾಸಿನ ಮೇಲೆ ಮಳೆ ಬಡಿಯುತ್ತಿರುತ್ತದೆ. ಚೀಲದ ಸಾಲುಗಳ ನಡುವಿನ ಸಂದಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುವುದು, ಸೀನು ಬಂದರೆ ಗೋಡೆ ಹಿಡಿಯುವುದು, ಮತ್ತೆ ನಡೆಯುವುದು. ವಖಾರಿನ ಗೋಡೆಯ ಸುಣ್ಣದ ಮೇಲೆ ನನ್ನ ಕೈ ಗುರುತು ಇವತ್ತಿಗೂ ಅಲ್ಲಲ್ಲಿ ಇದೆ.

ಶ್ರಾವಣದಲ್ಲಿ ತೂಕ ಇಳಿಯುವುದು ನಿಂತುಬಿಟ್ಟಿತು. ಉಪವಾಸ ಹೆಚ್ಚು ಮಾಡಿದ್ದೆ, ಕಾಟಾ ಮಾತ್ರ ಮೇಲೆ ಹೋಯಿತು. ನಮ್ಮ ಗಡಿಯಲ್ಲಿ ಮರಾಠಿಯ ಒಂದು ಮಾತಿದೆ, ಏಕಾದಶಿ, ದುಪ್ಪಟ್ ಖಾಶಿ ಅಂತ. ಉಪವಾಸದ ದಿನವೇ ದುಪ್ಪಟ್ಟು ತಿನ್ನುವುದು. ಸಾಬೂದಾಣಿ ಖಿಚಡಿ, ಹುರಿದ ಶೇಂಗಾ, ಬಟಾಟೆ, ಬಾಳೆಹಣ್ಣು, ಎಲ್ಲ ದೇವರ ಹೆಸರಿನಲ್ಲಿ. ಬೇಸರವಾಗಿ ಶಾಹೀನಳಿಗೆ ಹೇಳಿದೆ, ಈ ಕರಾರು ಮುರಿಯೋಣ ಅಂತ. ಅವಳು ಕಾಲಿನ ನೋವು ಈಗ ಎಲ್ಲಿಯ ತನಕ ಬರುತ್ತದೆ ಎಂದಳು. ಯೋಚಿಸಿದೆ. ಹೆಬ್ಬೆರಳಿನವರೆಗೆ ಹೊಡೆಯುತ್ತಿದ್ದದ್ದು ಈಗ ಮೊಣಕಾಲಿಗೆ ನಿಲ್ಲುತ್ತಿತ್ತು. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನೆಗೆ ಬಂದು ಉಡದಾರ ನೋಡಿಕೊಂಡೆ. ಎರಡು ಬೆರಳು ಸಲೀಸಾಗಿ ಹೋದವು.

ದೀಪಾವಳಿಯ ಮುಂಚೆ ಪತ್ತಾರನ ಅಂಗಡಿಗೆ ಹೋದೆ. "ಉಡದಾರಕ್ಕ ಕೊಂಡಿ ಹಾಕಸಾಕ ಬರೋರನ್ನ ಭಾಳ ನೋಡೇನ್ರಿ. ತಗಸಾಕ ಬಂದವರು ನೀವ ಮೊದಲು," ಎಂದ. ತೆಗೆದ ಕೊಂಡಿಗಳನ್ನು ಸುಮಿತ್ರಾ ಚಿಲ್ಲರೆ ಡಬ್ಬಿಯಲ್ಲಿಟ್ಟಳು. "ಮಾರಬ್ಯಾಡ್ರಿ, ಹಬ್ಬ ಬರಾಕತ್ತೈತಿ. ಮತ್ತ ಬೇಕಾದಾವು."

ಇನ್ನೊಂದು ತೊಂದರೆ ಎದ್ದದ್ದು ಪೇಟೆಯಲ್ಲಿ. ಊರಲ್ಲಿ ವ್ಯಾಪಾರಿ ದಪ್ಪಗಾದರೆ ಧಂದೆ ಚಲೋ ನಡೆದಿದೆ ಅಂತ ಲೆಕ್ಕ, ಸೊರಗಿದರೆ ಮುಳುಗಿದ ಅಂತ. "ಸಾವ್ಕಾರ್ರ, ಎಲ್ಲಾ ಬರೋಬರಿ ಐತಲ್ಲರಿ?" ಎಂದು ಜನ ದನಿ ತಗ್ಗಿಸಿ ಕೇಳತೊಡಗಿದರು. ಬೆನ್ನಿನ ಸುದ್ದಿ ಮುಚ್ಚಿಡಲು ಚಿಕ್ಕೋಡಿಗೆ ಹೋದವನು ದಿವಾಳಿಯ ಸುದ್ದಿ ಹುಟ್ಟಿಸಿಕೊಂಡಿದ್ದೆ. ಸುಮಿತ್ರಾ ನನ್ನ ಅಂಗಿಗಳನ್ನೆಲ್ಲ ಗಂಟು ಕಟ್ಟಿ ದರ್ಜಿಗೆ ಕೊಟ್ಟು ಅಳತೆಗೆ ಹಿಡಿಸಿದಳು. ಮಾತು ಅಲ್ಲಿಗೇ ನಿಂತಿತು. ತೂಕ ಇಳಿಸುವವರು ದರ್ಜಿಯನ್ನು ಮರೆಯಬಾರದು. ಜೋಲುವ ಅಂಗಿಯಲ್ಲಿ ಸಣ್ಣಗಾದವನು ಸಾಲಗಾರನಂತೆ ಕಾಣುತ್ತಾನೆ, ಅಳತೆಯ ಅಂಗಿಯಲ್ಲಿ ಅವನೇ ಮದುಮಗನಂತೆ.

ಸುಗ್ಗಿ ಬಂತು. ಎಂಟಕ್ಕೆ ಇನ್ನೂ ಅರ್ಧ ಕಿಲೋ ಬಾಕಿ ಇತ್ತು. ಶಾಹೀನ್ ಬಾಗುವುದನ್ನು ಹೊಸದಾಗಿ ಕಲಿಸಿದ್ದಳು. ಸೊಂಟದಿಂದ ಮಡಚಬಾರದು, ಒಂದು ಮೊಣಕಾಲು ಊರಿ ಇಡೀ ಮೈಯನ್ನೇ ಇಳಿಸಬೇಕು, ಹೊಟ್ಟೆ ಬಿಗಿ ಹಿಡಿದು ಕೈ ಚಾಚಬೇಕು. ಕಲಿಯುವಾಗ ನಗು ಬಂತು. ನನ್ನ ಹದಿನೆಂಟರಲ್ಲಿ ನಾನು ನೋಡಿದ ಹಳೇ ಹಮಾಲರು ಚೀಲ ಎತ್ತಲು ಕೂರುತ್ತಿದ್ದದ್ದು ಹೀಗೆಯೇ.

ಮೊದಲ ದಿನ ಹಟ ಹಿಡಿದು ಕೊಗನೊಳ್ಳಿಗೇ ಹೋದೆ. ಅಪ್ಪಾಸಾಬ ರಾಶಿಯ ಪಕ್ಕ ನಿಂತು ಮೇಲಿನ ಎಲೆ ಎತ್ತಿ ಎತ್ತಿ ತೋರಿಸಿದ. ಮೊಣಕಾಲು ಊರಿದೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಎಲೆಯ ಮೇಲೆ ನನ್ನ ಲಕ್ಷ್ಯವಿರಲಿಲ್ಲ, ಎಡಗಾಲಿನ ಮೇಲಿತ್ತು. ಕೈ ಒಳಗೆ ಹೋಯಿತು, ಮೊಣಕೈ ಮುಳುಗಿತು, ಭುಜದವರೆಗೆ ಹೋಯಿತು. ಸೊಂಟ ಒಮ್ಮೆ ಎಳೆಯಿತು. ಕಾಲು ಸುಮ್ಮನಿತ್ತು. ಬೆರಳಿಗೆ ಸಣ್ಣ ಮಣ್ಣು ತಾಗಿತು.

"ಅಪ್ಪಾಸಾಬ, ಬುಡದಾಗ ಮಣ್ಣೈತೋ."

ಅವನು ನಾಚಲಿಲ್ಲ. "ಹೋದ ವರ್ಷಾನೂ ಇತ್ತರಿ. ನೀವ ಬಾಗಲಿಲ್ಲ, ನಾ ಹೇಳಲಿಲ್ಲ."

ಸೀನು ಬಂತು. ಎದ್ದು ಗೋಡೆ ಹಿಡಿದೆ. ಹೆಬ್ಬೆರಳಿನವರೆಗೆ ಏನೂ ಹೋಗಲಿಲ್ಲ. ಮಣ್ಣಿಗೆ ತಕ್ಕ ಭಾವ ಕಟ್ಟಿ, ಅಲ್ಲಿಂದಲೇ ಕಾರಖಾನೆಗೆ ಫೋನ್ ಮಾಡಿ "ಬುಡ ನೋಡೇನ್ರಿ" ಎಂದೆ. ಆ ಕಡೆಯವನು, "ಲಾರಿ ಕಳಸ್ತೀನಿ," ಎಂದ.

ಮರುದಿನ ಪೇಢಾ ಕಟ್ಟಿಸಿಕೊಂಡು ಚಿಕ್ಕೋಡಿಗೆ ಹೋದೆ. "ಮ್ಯಾಡಮ್, ಮಾತಿಗೆ ಅರ್ಧ ಕಿಲೋ ಕಮ್ಮಿ ಬಿದ್ದೇನಿ. ಏಳೂವರೀನ ಆಗೇತಿ," ಎಂದೆ.

ಅವಳು ಪೇಢಾ ಮುರಿದು ಅರ್ಧ ನನಗೇ ಕೊಟ್ಟಳು. "ನನಗ ಬೇಕಾಗಿದ್ದು ಏಳು ಕಾಕಾ. ಅರ್ಧ ಕಿಲೋ ನನಗ ಲಾಭ."

"ಮತ್ತ ಹದಿನಾರು ಅಂದ್ರಿ?"

"ನಮ್ಮಪ್ಪ ರಾಯಬಾಗದ ಸಂತ್ಯಾಗ ಆಡು ಮಾರತಾನ್ರಿ. ನೀವು ಬಂದ ಕೂಡ್ಲೇ ಫೀ ಹಿಡದ ಎಳದಾಡಿದ್ರಿ. ಏಳು ಅಂದಿದ್ರ ಮೂರಕ್ಕ ಇಳಸತಿದ್ರಿ."

ಮೂವತ್ತು ವರ್ಷದ ದಲಾಲಿಯಲ್ಲಿ ನನ್ನಿಂದ ಹೆಚ್ಚು ಕಿತ್ತುಕೊಂಡವರು ಇದ್ದಾರೆ. ಹೀಗೆ ಖುಷಿಯಿಂದ ಕೊಡುವಂತೆ ಮಾಡಿದವಳು ಇವಳೊಬ್ಬಳೇ.

ಇದನ್ನೆಲ್ಲ ಹೋದ ವಾರ ಅದೇ ಶೆಡ್ಡಿನಲ್ಲಿ ಅಪ್ಪಾಸಾಬನಿಗೆ ಹೇಳಿದೆ, ರಾಯಬಾಗದ ಆಡಿನ ಸಂಗತಿಯೊಂದನ್ನು ಬಿಟ್ಟು. ಅವನು ಕೇಳುತ್ತ ಕೇಳುತ್ತ ಕೈಯನ್ನು ಸೊಂಟದ ಹಿಂದೆ ಒಯ್ದ. ಎರಡು ವರ್ಷದಲ್ಲಿ ಅವನ ಹೊಟ್ಟೆಯೂ ಬೆಳೆದಿದೆ.

"ನನಗೂ ಮುಂಜಾನೆ ಏಳಾಕ ಆಗವಲ್ದರಿ ಸಾವ್ಕಾರ್ರ. ಗಾದಿನ ಸರದೈತಿ ಅಂತ ಡಾಕ್ಟರು ಅಂದಾರ. ತೂಕ ಇಳಸು ಅಂದ್ರು, ಎಷ್ಟಂತ ನಾ ಕೇಳಲಿಲ್ಲ."

"ಚಿಕ್ಕೋಡಿಗೆ ಕರಕೊಂಡ ಹೋಗ್ತೀನಿ, ಅವರ ಹೇಳತಾರ."

"ಅಂದಾಜಾ ಹೇಳ್ರಿ. ಚೀಲ ನೋಡಿ ತೂಕ ಹೇಳೋರು ನೀವು."

ಅವನನ್ನು ಮೇಲಿಂದ ಕೆಳಗೆ ನೋಡಿದೆ. ಆರು ಇಳಿದರೆ ಸಾಕಿತ್ತು.

"ಹದಿನಾಲ್ಕು," ಎಂದೆ.

"ಏ, ಹದಿನಾಲ್ಕು ಅಂದ್ರ ಏನರಿ. ಆರಕ್ಕ ಮುಗಸೋಣ."

ನಾನು ಗೋಡೆಯ ಕಡೆ ತಿರುಗಿ, ನಷ್ಟವಾದವನ ಹಾಗೆ ಉಸಿರು ಬಿಟ್ಟೆ.

"ಏಳು," ಎಂದೆ. "ನಿನ್ನ ಸಲುವಾಗಿ."